ಫೋನ್ ಸಾಕೆಟ್ ಚಾವಡಿಯಲ್ಲಿ, ಕೆಲಸ ಉಪ್ಪರಿಗೆಯಲ್ಲಿ: ಯಾವ ಕೇಬಲ್ ಎಳೆಯಬೇಕು?

ಓದುಗರ ಪ್ರಶ್ನೆ: ನಮ್ಮದು ಮಲ್ಪೆ ಕಡೆಯ ಹಂಚಿನ ಮನೆ. ಲ್ಯಾಂಡ್‌ಲೈನ್ ಸಾಕೆಟ್ ಚಾವಡಿಯಲ್ಲಿದೆ, ಮಗಳು ಆಫೀಸ್ ಕೆಲಸಕ್ಕೆ ಕೂರುವುದು ಉಪ್ಪರಿಗೆಯ ಹಿಂದಿನ ಕೋಣೆಯಲ್ಲಿ. ರೂಟರನ್ನು ಅಲ್ಲಿಗೆ ಒಯ್ಯಲು 20 ಮೀಟರ್ ಫೋನ್ ವಯರ್ ಎಳೆದರೆ ಸಾಕೇ? ಸ್ಪೀಡ್ ಕಡಿಮೆಯಾಗುತ್ತದೆಯೇ?

ಉತ್ತರ: ಸಾಧ್ಯವಿದ್ದರೆ ಫೋನ್ ವಯರ್ ಎಳೆಯಲೇಬೇಡಿ. ರೂಟರ್ ಚಾವಡಿಯಲ್ಲೇ, ಸಾಕೆಟ್ಟಿನ ಪಕ್ಕ ಇರಲಿ. ಅದರ ಲ್ಯಾನ್ ಪೋರ್ಟಿನಿಂದ ಉಪ್ಪರಿಗೆಗೆ ಲ್ಯಾನ್ ಕೇಬಲ್ ಎಳೆಯಿರಿ. ಡಿಎಸ್‌ಎಲ್ (ಫೋನ್ ತಂತಿಯಲ್ಲೇ ಬರುವ ಇಂಟರ್ನೆಟ್) ಸಿಗ್ನಲ್ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿಮ್ಮ ಮನೆ ಮುಟ್ಟುವಷ್ಟರಲ್ಲೇ ಸಾಕಷ್ಟು ಕ್ಷೀಣಿಸಿರುತ್ತದೆ, ಮನೆಯೊಳಗೆ ಸಿಕ್ಕ ಸಣ್ಣ ವಿದ್ಯುತ್ ಗದ್ದಲವೂ ಅದನ್ನು ಕೆಡಿಸುತ್ತದೆ. ರೂಟರ್ ದಾಟಿ ಲ್ಯಾನ್ ಕೇಬಲ್ ಸೇರಿದ ಮೇಲೆ 100 ಮೀಟರ್‌ವರೆಗೆ ಚಿಂತೆಯಿಲ್ಲ.

ಎಡಿಎಸ್‌ಎಲ್‌ನ (ಮನೆಗಳಿಗೆ ಬರುವ ಸಾಮಾನ್ಯ ಡಿಎಸ್‌ಎಲ್) ವೇಗಕ್ಕೆ ಕ್ಯಾಟ್ 5ಇ ದರ್ಜೆಯ ಲ್ಯಾನ್ ಕೇಬಲ್ ಧಾರಾಳ ಸಾಕು. ಆದರೂ ಕ್ಯಾಟ್ 6 ಹಾಕಿಸಿ, ನಾಳೆ ಫೈಬರ್ ಬಂದಾಗ ಗೋಡೆ ಮತ್ತೆ ಕೊರೆಯುವುದು ತಪ್ಪುತ್ತದೆ. 20 ಮೀಟರ್ ದೂರಕ್ಕೆ 25 ಮೀಟರ್ ಕೊಳ್ಳಿ; ತಿರುವು, ಇಳಿತ, ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಮಿಗತೆ ಬೇಕೇ ಬೇಕು. ಉಪ್ಪರಿಗೆಯಲ್ಲಿ ವೈಫೈ ಬೇಕಾದರೆ ಹಳೆಯ ರೂಟರ್ ಒಂದಿದ್ದರೂ ಆಗುತ್ತದೆ: ಅದರ ಡಿಎಚ್‌ಸಿಪಿ (ಫೋನು, ಕಂಪ್ಯೂಟರುಗಳಿಗೆ ತಾನಾಗಿ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ವಿಳಾಸವನ್ನು ಮೊದಲ ರೂಟರಿಗಿಂತ ಬೇರೆ ಮಾಡಿ (ಅದು 192.168.1.1 ಆದರೆ ಇದು 192.168.1.2), ಕೇಬಲನ್ನು ಲ್ಯಾನ್ ಪೋರ್ಟಿಗೇ ಚುಚ್ಚಿ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಲೇಬೇಕು. ಒಳಗಿನ ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಗ್ಗದ ಕೇಬಲ್‌ಗಳಲ್ಲಿ ಇದು ತೀರಾ ಸಾಮಾನ್ಯ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ಕಡಲ ಗಾಳಿಗೆ ತುದಿಯಲ್ಲಿ ಬೇಗ ಸವೆಯುತ್ತದೆ. ಬೆಲೆ ಕಡಿಮೆಯೆಂದು ತರಬೇಡಿ.

ಚಾವಡಿಯಲ್ಲಿ ಪ್ಲಗ್ ಪಾಯಿಂಟೇ ಇಲ್ಲ, ರೂಟರ್ ಮೇಲೆಯೇ ಇರಬೇಕು ಎಂದಾದರೆ ಫೋನ್ ಲೈನನ್ನೇ ಒಯ್ಯಬೇಕಾಗುತ್ತದೆ. ಆಗಲೂ ಅಂಗಡಿಯ ಚಪ್ಪಟೆ ಫೋನ್ ವಯರ್ ಬೇಡ. ಅದರ ತಂತಿಗಳು ಒಂದಕ್ಕೊಂದು ಹೊಸೆದಿರುವುದಿಲ್ಲ. 3.4 ಕಿಲೋಹರ್ಟ್ಸ್ ಒಳಗಿನ ಮಾತಿಗೆ ಅದು ನಡೆಯುತ್ತದೆ. ಎಡಿಎಸ್‌ಎಲ್2+ (ಎಡಿಎಸ್‌ಎಲ್‌ನ ವೇಗದ ಬಗೆ) ಓಡುವುದು 2.2 ಮೆಗಾಹರ್ಟ್ಸ್‌ವರೆಗೆ. ಫ್ಯಾನ್ ರೆಗ್ಯುಲೇಟರ್, ಇನ್ವರ್ಟರ್, ಬಾವಿಯ ಪಂಪು, ಎಲ್ಲದರ ಗದ್ದಲವೂ ಅಲ್ಲಿ ಒಳನುಗ್ಗುತ್ತದೆ. ಕ್ಯಾಟ್ 5ಇ ಕೇಬಲಿನ ಒಂದೇ ಜೋಡಿ, ನೀಲಿ ಮತ್ತು ಬಿಳಿ-ನೀಲಿ, ಬಳಸಿ. ಆರ್‌ಜೆ11 ಪ್ಲಗ್ಗಿನ (ಫೋನಿನ ಚಿಕ್ಕ ಪ್ಲಗ್) ನಡುವಿನ ಎರಡು ಪಿನ್ನುಗಳಿಗೆ ಸೇರಿಸಿ. ಒಂದು ನೀಲಿ, ಇನ್ನೊಂದು ಕಿತ್ತಳೆ ಎಂದು ಬೇರೆ ಬೇರೆ ಜೋಡಿಯಿಂದ ತೆಗೆದರೆ ಹೊಸೆತದ ಪ್ರಯೋಜನವೇ ಹೋಯಿತು, ಫೋನಿನಲ್ಲಿ ಮಾತು ಚೆನ್ನಾಗಿ ಕೇಳುವುದರಿಂದ ತಪ್ಪು ಗೊತ್ತೂ ಆಗುವುದಿಲ್ಲ. ಸ್ಪ್ಲಿಟರ್ (ಮಾತನ್ನೂ ಇಂಟರ್ನೆಟ್ಟನ್ನೂ ಬೇರ್ಪಡಿಸುವ ಪೆಟ್ಟಿಗೆ) ಕೆಳಗೆ ಮೊದಲ ಸಾಕೆಟ್ಟಿನಲ್ಲೇ ಇರಲಿ: ಫೋನ್ ಅಲ್ಲಿಗೆ, ಮೋಡೆಮ್ ಕಡೆಯ ಪೋರ್ಟಿನಿಂದ ಹೊಸ ಕೇಬಲ್ ಮೇಲಕ್ಕೆ. ಹಿಂದೆ ಎಳೆದು ಬಿಟ್ಟ ಎಕ್ಸ್‌ಟೆನ್ಶನ್ ವಯರುಗಳಿದ್ದರೆ ಕಳಚಿಬಿಡಿ, ಅವುಗಳ ಖಾಲಿ ತುದಿಯಿಂದ ಸಿಗ್ನಲ್ ಹಿಂದಿರುಗಿ ಬಂದು ಲೈನನ್ನು ಕೆಡಿಸುತ್ತದೆ.

ಸ್ಪೀಡ್ ಬಗ್ಗೆ ಕೇಳಿದ್ದೀರಿ. ಕಿಲೋಮೀಟರ್‌ಗಟ್ಟಲೆ ಲೈನಿಗೆ 20 ಮೀಟರ್ ಸೇರಿದರೆ ಲೆಕ್ಕಕ್ಕೇ ಸಿಗದು. ಕೆಡಿಸುವುದು ಜಾಯಿಂಟು. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಕರಾವಳಿಯ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಹಿಡಿಯುತ್ತದೆ, ಆಮೇಲೆ ಫೋನ್ ರಿಂಗ್ ಆದಾಗಲೆಲ್ಲ ನೆಟ್ ಕಡಿಯುತ್ತದೆ. ನಡುವೆ ಜಾಯಿಂಟೇ ಬೇಡ. ಬೇಕಾದರೆ ಜೆಲ್ ತುಂಬಿದ ಕನೆಕ್ಟರ್ ಒತ್ತಿ. ಕೆಲಸಕ್ಕೆ ಮೊದಲು ಲೈನ್ ಕಳಚಿ. ಸುಮ್ಮನಿದ್ದಾಗ 48 ವೋಲ್ಟ್ ಇದ್ದರೂ ರಿಂಗ್ ಬಂದಾಗ ಷಾಕ್ ಹೊಡೆಯುತ್ತದೆ.

ಯಾವ ಕೇಬಲ್ ಆದರೂ ಕರೆಂಟಿನ ಪೈಪಿನೊಳಗೆ ತೂರಿಸಬೇಡಿ. ಒಂದಡಿ ದೂರದಲ್ಲಿ ಹೋಗಲಿ, ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಲಿ. ಅಟ್ಟದ ಮೇಲೆ ಇಲಿಗಳ ಕಾಟ, ಹಾಗಾಗಿ 20 ಎಂಎಂ ಪಿವಿಸಿ ಪೈಪಿನೊಳಗೆ ಹಾಕಿ, ಎಳೆದ ಮೇಲೆಯೇ ಪ್ಲಗ್ ಕ್ರಿಂಪ್ ಮಾಡಿ. ಮಾಡಿನ ಹೊರಗೆ ಹೋಗುವುದಾದರೆ ಹೊರಾಂಗಣದ ಕಪ್ಪು ಕೇಬಲ್ಲೇ ಬೇಕು, ಬೂದು ಬಣ್ಣದ್ದು ಬಿಸಿಲಿಗೆ ಸೀಳುತ್ತದೆ. ಗೋಡೆಯ ತೂತಿಗಿಂತ ಸ್ವಲ್ಪ ಕೆಳಗೆ ಜೋತುಬಿಟ್ಟು ಒಳಗೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕಲಿ. ಸಿಡಿಲಿನ ಹೊತ್ತಿಗೆ ಅಡಾಪ್ಟರ್ ಮಾತ್ರ ತೆಗೆದರೆ ಸಾಲದು, ಫೋನ್ ಪ್ಲಗ್ಗನ್ನೂ ಕಳಚಬೇಕು.

ಫೋನ್ ಲೈನನ್ನೇ ಒಯ್ದಿದ್ದರೆ, ಮುಗಿದ ಮೇಲೆ ರೂಟರಿನ ಸೆಟ್ಟಿಂಗ್ ಪುಟದಲ್ಲಿ ಡೌನ್‌ಸ್ಟ್ರೀಮ್ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲದ ನಡುವೆ ಸಿಗ್ನಲ್ಲಿಗೆ ಉಳಿದಿರುವ ಅಂತರ, ಡೆಸಿಬೆಲ್ ಅಂದರೆ ಡಿಬಿಯಲ್ಲಿ) ನೋಡಿ. ಮೊದಲು ಸಾಕೆಟ್ಟಿಗೇ ಚುಚ್ಚಿ ಒಂದು ಸಲ, ಆಮೇಲೆ ಹೊಸ ಕೇಬಲಿನಲ್ಲಿ ಒಂದು ಸಲ. 6 ಡಿಬಿಗಿಂತ ಕೆಳಗಿಳಿದರೆ ಲೈನ್ ಆಗಾಗ ಕಡಿಯುತ್ತದೆ. ಎರಡರ ನಡುವೆ 2 ಡಿಬಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಕೇಬಲ್ ಬದಲಿಸುವ ಮೊದಲು ಎರಡೂ ತುದಿಯ ಪ್ಲಗ್ ಕತ್ತರಿಸಿ ಹೊಸದು ಒತ್ತಿ ನೋಡಿ.