ಒಂದೇ ಗಾಜು, ಎರಡು ಬಣ್ಣ

ಹಳೇ ಗಾಜಿನ ಲೋಟ ಸಂಗ್ರಹಿಸುವವರ ಮುಂದೆ ಆಂಬರೀನಾ ಎಂಬ ಎರಡು ಬಣ್ಣದ ಗಾಜಿನ ಹೆಸರೆತ್ತಿದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ತಳದಲ್ಲಿ ಜೇನಿನ ಬಣ್ಣ. ಮೇಲೆ ಹೋದಂತೆ ಅದೇ ಕೆಂಪಿಗೆ ತಿರುಗುತ್ತದೆ. ಬಾಯಿಯ ಅಂಚಿನಲ್ಲಿ ದಟ್ಟ ಮಾಣಿಕ್ಯದ ಕೆಂಪು. ಯಾವುದು ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಎರಡು ಗಾಜು ಬೆಸೆದಿದ್ದಾರೆ ಅನ್ನಿಸುತ್ತದೆ, ಅಲ್ವಾ? ಹಾಗೇನಿಲ್ಲ. ಬಣ್ಣ ಬಳಿದದ್ದೂ ಅಲ್ಲ. ಇಡೀ ಲೋಟ ಒಂದೇ ಗಾಜಿನದು.

1883ರಲ್ಲಿ ಇದಕ್ಕೆ ಪೇಟೆಂಟ್ ಪಡೆದವರು ಜೋಸೆಫ್ ಲಾಕ್. ಇಂಗ್ಲೆಂಡಿನಿಂದ ಬಂದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದ ನ್ಯೂ ಇಂಗ್ಲೆಂಡ್ ಗ್ಲಾಸ್ ಕಂಪನಿ ಸೇರಿದ್ದ ಕುಶಲಕರ್ಮಿ ಅವರು. ಗುಟ್ಟು ಇದ್ದದ್ದು ಚಿನ್ನದಲ್ಲಿ. ಜೇನುಬಣ್ಣದ ಗಾಜಿನ ಪಾಕಕ್ಕೆ ಚೂರೇ ಚೂರು ಚಿನ್ನ ಸೇರಿಸುತ್ತಿದ್ದರು. ಲೋಟಕ್ಕೆ ಆಕಾರ ಬಂದಾಗ ಚಿನ್ನದ ಪರಮಾಣುಗಳು ಇನ್ನೂ ಬಿಡಿಬಿಡಿ. ಕೆಂಪಿನ ಸುಳಿವೇ ಇರುವುದಿಲ್ಲ.

ಈಗ ಲೋಟದ ಬಾಯನ್ನು ಮಾತ್ರ ಮತ್ತೆ ಕುಲುಮೆಗೆ ಹಿಡಿಯುತ್ತಾರೆ. ಬಿಸಿ ತಾಗಿದ ಕಡೆ ಚಿನ್ನದ ಪರಮಾಣುಗಳು ಒಟ್ಟುಗೂಡುತ್ತವೆ, ನ್ಯಾನೋಮೀಟರ್ ಲೆಕ್ಕದ ಪುಟ್ಟ ಕಣಗಳಾಗುತ್ತವೆ. ಈ ಕಣಗಳು ಹಸಿರು ಬೆಳಕನ್ನು, ಅಂದರೆ ಸುಮಾರು 520 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು, ಹೀರಿಕೊಂಡು ಕೆಂಪನ್ನು ಬಿಟ್ಟುಕೊಡುತ್ತವೆ. ಕೆಳಗಿನ ಭಾಗಕ್ಕೆ ಆ ಶಾಖ ಸಿಗಲಿಲ್ಲ, ಅದು ಜೇನುಬಣ್ಣದಲ್ಲೇ ಉಳಿಯಿತು. ನಡುವಿನ ಭಾಗಕ್ಕೆ ಸಿಕ್ಕಿದ್ದು ಅರೆಬರೆ ಶಾಖ, ಅದಕ್ಕೇ ಅಲ್ಲಿ ನಡುವಿನ ಬಣ್ಣ.

ನನಗೆ ಬೆರಗಾಗುವುದು ಇಲ್ಲಿ. ಚಿನ್ನದ ಸೂಕ್ಷ್ಮ ಕಣಗಳಿಂದ ಕೆಂಪು ಬರುತ್ತದೆ ಎಂದು ಮೈಕೆಲ್ ಫ್ಯಾರಡೆ 1857ರಲ್ಲೇ ಹೇಳಿದ್ದರು. ಆದರೆ ಕೆಂಪು ಗಾಜಿನೊಳಗಿನ ಆ ಕಣಗಳನ್ನು ಒಂದೊಂದಾಗಿ ಗುರುತಿಸಲು ಸಾಧ್ಯವಾದದ್ದು 20ನೇ ಶತಮಾನದ ಆರಂಭದಲ್ಲಿ, ರಸಾಯನ ವಿಜ್ಞಾನಿ ರಿಚರ್ಡ್ ಜಿಗ್ಮೊಂಡಿ ಅಲ್ಟ್ರಾಮೈಕ್ರೋಸ್ಕೋಪ್ ಎಂಬ ವಿಶೇಷ ಸೂಕ್ಷ್ಮದರ್ಶಕ ಕಟ್ಟಿದ ಮೇಲೆ. ಅವರಿಗೆ 1925ರ ರಸಾಯನಶಾಸ್ತ್ರ ನೊಬೆಲ್ ಬಂತು. ಕುಲುಮೆಯ ಮುಂದೆ ನಿಂತವರು ಅದಕ್ಕೂ ಮೊದಲೇ, ಬರೀ ಕಣ್ಣಳತೆಯಲ್ಲಿ, ಅಂಥ ಕಣಗಳನ್ನು ಬೇಕಾದಷ್ಟೇ ಬೆಳೆಸುತ್ತಿದ್ದರು. ಇದಕ್ಕಿಂತ ದೊಡ್ಡ ಕೈಚಳಕ ಬೇಕೇ?

ಲೋಟ ಕೈಗೆ ಸಿಕ್ಕರೆ ಅದರ ಕತೆ ಓದಬಹುದು. ತಳ ಕೆಂಪು, ಬಾಯಿ ಜೇನುಬಣ್ಣ ಇದ್ದರೆ ತಳಕ್ಕೆ ಶಾಖ ಕೊಟ್ಟಿದ್ದಾರೆ ಎಂದರ್ಥ. ಇಂಥದ್ದನ್ನು ರಿವರ್ಸ್ ಆಂಬರೀನಾ ಅನ್ನುತ್ತಾರೆ. ಪಂಚ್ ಎಂಬ ಪಾನೀಯ ಕುಡಿಯುವ, ಹಿಡಿ ಇರುವ ಪುಟ್ಟ ಕಪ್‌ಗಳಲ್ಲಿ ಇನ್ನೂ ಚೆಂದದ ಸಂಗತಿಯಿದೆ. ಕೆಂಪು ಬಾಯಿಯ ಪಕ್ಕದಲ್ಲೇ ಹಿಡಿ ಜೇನುಬಣ್ಣದಲ್ಲಿರುತ್ತದೆ. ಅದನ್ನು ಆಮೇಲೆ ಅಂಟಿಸಿದ್ದು, ಕೆಂಪಾಗುವಷ್ಟು ಶಾಖ ಅದಕ್ಕೆ ಸಿಕ್ಕಿರುವುದಿಲ್ಲ.

ಕೊಳ್ಳುವವರು ಗುರುತಿಗಾಗಿ ಹುಡುಕುತ್ತಾರೆ. 1880ರ ದಶಕದ ಲೋಟಗಳಲ್ಲಿ ಸಾಮಾನ್ಯವಾಗಿ ಕಂಪನಿಯ ಗುರುತು ಇರುವುದಿಲ್ಲ, ಹಾಗಾಗಿ ಅದಿಲ್ಲ ಅಂತ ಸುಮ್ನೆ ಕೈಬಿಡಬೇಡಿ. ಗಾಜನ್ನೇ ನೋಡಿ. ಇತ್ತೀಚಿನ ತಯಾರಿಕೆಯಲ್ಲಿ ಚಿನ್ನದ ಬದಲು ಸೆಲೆನಿಯಂ, ಕ್ಯಾಡ್ಮಿಯಂ ಬಳಸಿದ್ದೇ ಜಾಸ್ತಿ. ಆ ಕೆಂಪು ಕಿತ್ತಳೆಯ ಕಡೆ ವಾಲುತ್ತದೆ. ಚಿನ್ನದ ಕೆಂಪಿನಲ್ಲಿ ಗುಲಾಬಿ, ನೇರಳೆಯ ಛಾಯೆ ಇರುತ್ತದೆ. ಬಣ್ಣ ಬಳಿದ ಲೋಟವಾದರೆ ಗೀರು ಬಿದ್ದ ಕಡೆ ಬಣ್ಣ ಎದ್ದುಹೋಗಿ ಕೆಳಗಿನ ಗಾಜು ಕಾಣುತ್ತದೆ. ಆಂಬರೀನಾದಲ್ಲಿ ಅಂಚು ಚೆಕ್ಕೆ ಎದ್ದಿದ್ದರೂ ಒಳಗೂ ಕೆಂಪೇ.