ಹನಿಯೊಳಗಿನ ಹೂವಿಗೆ ಫೋಕಸ್ ಎಲ್ಲಿ?

ನೀರಿನ ಹನಿಯೊಳಗೆ ಪುಟ್ಟ ಹೂವು ಕಾಣುವ ಫೋಟೊ ನೋಡಿರುತ್ತೀರಿ. ಅದನ್ನು ತೆಗೆಯಲು ಹೊರಟವರೆಲ್ಲರ ದೂರು ಒಂದೇ: "ಸರ್, ಹನಿ ಶಾರ್ಪ್ ಬಂದಿದೆ, ಒಳಗಿನ ಹೂವು ಮಾತ್ರ ಮಬ್ಬು. ಲೆನ್ಸ್ ಬದಲಿಸಬೇಕಾ?" ಬೇಡ. ಆ ಹೂವು ಹನಿಯೊಳಗೆ ಇಲ್ಲವೇ ಇಲ್ಲ!

ದುಂಡು ಹನಿ ಅಂದರೆ ಗೋಲಿಯಂಥ ಲೆನ್ಸ್. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, 1.33. ಲೆಕ್ಕ ಹಾಕಿದರೆ, 4 ಮಿ.ಮೀ. ಅಗಲದ ಹನಿಯು ಹಿಂದಿನ ಹೂವಿನ ಬಿಂಬವನ್ನು ತನ್ನ ನಡುಭಾಗದಿಂದ ಸುಮಾರು 4 ಮಿ.ಮೀ. ಮುಂದೆ, ಕ್ಯಾಮೆರಾ ಕಡೆಗೆ, ಬರೀ ಗಾಳಿಯಲ್ಲಿ ಮೂಡಿಸುತ್ತದೆ. ಆಟೋಫೋಕಸ್ ಹನಿಯ ಅಂಚನ್ನು ಹಿಡಿದು ಕೂರುತ್ತದೆ, ಹೂವು ತಪ್ಪುತ್ತದೆ. ಅದನ್ನು ಆಫ್ ಮಾಡಿ. ಲೈವ್ ವ್ಯೂ (ಕ್ಯಾಮೆರಾ ಪರದೆಯ ಮೇಲಿನ ದೃಶ್ಯ) ದೊಡ್ಡದು ಮಾಡಿಕೊಂಡು ಮೊದಲು ಅಂಚು ನೋಡಿ, ಆಮೇಲೆ ಕ್ಯಾಮೆರಾವನ್ನು ಒಂದೊಂದೇ ಮಿಲಿಮೀಟರ್ ಹಿಂದಕ್ಕೆ ಸರಿಸಿ. ಎಸಳಿನ ಗೆರೆಗಳು ತಾನಾಗಿ ಕಾಣಿಸುತ್ತವೆ.

ಅಂಚೂ ಬೇಕು, ಹೂವೂ ಬೇಕು ಅಂದರೆ? ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 1:1 ಅಳತೆಗೆ, ಅಂದರೆ ಸೆನ್ಸರ್ ಮೇಲೆ ವಸ್ತುವಿನಷ್ಟೇ ದೊಡ್ಡ ಬಿಂಬ ಬೀಳುವಾಗ, ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿ ಇಟ್ಟರೂ ಶಾರ್ಪ್ ಆಗಿ ಸಿಗುವ ಆಳ ಒಂದೂಕಾಲು ಮಿಲಿಮೀಟರ್ ಅಷ್ಟೇ. 1:2ಕ್ಕೆ (ಅರ್ಧ ಅಳತೆಗೆ) ಹಿಂದೆ ಸರಿದರೆ ಅದೇ ಎಫ್/11ರಲ್ಲಿ ಹೆಚ್ಚುಕಡಿಮೆ 4 ಮಿ.ಮೀ. ಸಿಗುತ್ತದೆ. ಹಾಗಾಗಿ ಹತ್ತಿರ ಹೋಗುವ ಆಸೆ ಬಿಡಿ, ಆಮೇಲೆ ಕ್ರಾಪ್ ಮಾಡಿ. ಕಿಂಡಿ ಇನ್ನೂ ಕಿರಿದಾಗಿ ಎಫ್/16 ದಾಟಿದರೆ ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹನಿ ಅಲ್ಲಾಡದಿದ್ದರೆ ಸ್ಟ್ಯಾಕಿಂಗ್ (ಬೇರೆ ಬೇರೆ ಫೋಕಸ್‌ನ ಹಲವು ಫೋಟೊಗಳನ್ನು ಒಂದಾಗಿ ಸೇರಿಸುವುದು) ಕೂಡ ಆಗುತ್ತದೆ, ಆದರೆ ಹೊರಗಡೆ ಗಾಳಿ ಎಲ್ಲಿ ಬಿಡುತ್ತದೆ?

ಹೂವನ್ನು ಎಷ್ಟು ದೂರ ಇಡಬೇಕು? ಹೂವಿನ ಅಗಲದ ಒಂದೂವರೆ ಪಟ್ಟು. 10 ಸೆಂ.ಮೀ. ಜರ್ಬೆರಾ ಆದರೆ 15 ಸೆಂ.ಮೀ. ಹಿಂದೆ. ತೀರಾ ಹತ್ತಿರ ಇಟ್ಟರೆ ಹನಿ ತುಂಬ ಬರೀ ಬಣ್ಣ, ಹೂವಿನ ಆಕಾರವೇ ಸಿಗಲ್ಲ. ಬಿಂಬ ತಲೆಕೆಳಗಾಗುವುದರಿಂದ ದಾಸವಾಳವನ್ನು ತಲೆಕೆಳಗು ಮಾಡಿ ಕಟ್ಟಿ. ದುಂಡಗಿನ ಜರ್ಬೆರಾಗೆ ಆ ತಾಪತ್ರಯ ಇಲ್ಲ. ಬೆಳಕು ಹೂವಿನ ಮೇಲೆ ಬೀಳಲಿ. ಹನಿಯ ಮೇಲೆ ಬಿದ್ದರೆ ಬಿಳಿ ಚುಕ್ಕೆ ಕುಳಿತುಬಿಡುತ್ತದೆ.

ಇನ್ನು ಹನಿ. ಬೆಳಗ್ಗೆ ಹುಲ್ಲಿನ ತುದಿಯಲ್ಲಿ ಒಂದೊಂದೇ ನೇತಾಡುವುದೆಲ್ಲ ಇಬ್ಬನಿ ಅಲ್ಲ. ಬೇರು ಎಳೆದ ನೀರನ್ನು ಗಿಡವೇ ಎಲೆಯ ತುದಿಯಿಂದ ಹೊರಗೆ ಹಾಕಿರುತ್ತದೆ. ನಮ್ಮ ಕೆಲಸಕ್ಕೆ ಅದೇ ಒಳ್ಳೆಯದು, ದುಂಡಗೆ ನಿಲ್ಲುತ್ತದೆ. ಕೆಸುವಿನ ಎಲೆ ಮೇಲಿನ ಹನಿಯೂ ದುಂಡಗೇ ಇರುತ್ತದೆ, ಆದರೆ ಮುಟ್ಟಿದರೆ ಉರುಳಿ ಹೋಗುತ್ತದೆ. ಮನೆಯೊಳಗಾದರೆ ಸಿರಿಂಜ್‌ನಿಂದ ಹನಿ ಇಡಿ, ಬೇಗ ಆರದಿರಲು ನೀರಿಗೆ ಸ್ವಲ್ಪ ಗ್ಲಿಸರಿನ್ ಸೇರಿಸಿ. ಎಸಳಿನ ತುಂಬಾ ಗ್ಲಿಸರಿನ್ ಚಿಮುಕಿಸುವವರೂ ಇದ್ದಾರೆ. ನನಗಂತೂ ಅದು ಹೂವಿಗೆ ಬೆವರು ಬಂದ ಹಾಗೆ ಕಾಣುತ್ತದೆ.

ಫೋಟೊ ಚೆನ್ನಾಗಿ ಬಂತು ಅಂತ ಸ್ಪರ್ಧೆಯ ನೇಚರ್ ವಿಭಾಗಕ್ಕೆ ಮಾತ್ರ ಕಳಿಸಬೇಡಿ. ಫೋಟೊ ಸ್ಪರ್ಧೆಗಳಿಗೆ ನಿಯಮ ಮಾಡುವ ಫಿಯಾಪ್, ಪಿಎಸ್‌ಎ ಸಂಸ್ಥೆಗಳ ನಿಯಮದ ಪ್ರಕಾರ ಅಲ್ಲಿ ಬೆಳೆಸಿದ ಗಿಡಗಳಿಗೆ ಜಾಗವಿಲ್ಲ. ಕಲರ್ ವಿಭಾಗಕ್ಕೆ ಕಳಿಸಿ.