ಟನ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಕಸಕ್ಕೆ ಭಾರ ಬರುತ್ತದೆ

ಆಯುಧಪೂಜೆಯ ಮರುದಿನ ಊರಿನ ಕಸ ನೋಡಬೇಕು. ಬಾಳೆಕಂದು, ಮಾವಿನ ಸೊಪ್ಪು, ಬಾಡಿದ ಚೆಂಡುಹೂವು, ರಸ್ತೆ ಮಧ್ಯದಲ್ಲಿ ಒಡೆದ ಬೂದುಗುಂಬಳ. ಪೌರಕಾರ್ಮಿಕರಿಗೆ ವರ್ಷದಲ್ಲೇ ಕಷ್ಟದ ದಿನ ಅದು. ನಾನಿದ್ದ ಒಂದು ನಗರಸಭೆಯಲ್ಲಿ ಅವತ್ತು ಒಬ್ಬರ ಮುಖ ಮಾತ್ರ ಅರಳಿರುತ್ತಿತ್ತು. ಕಸ ಸಾಗಿಸುವ ಗುತ್ತಿಗೆದಾರರದ್ದು. ಅವರಿಗೆ ಟನ್ ಲೆಕ್ಕದಲ್ಲಿ ಪಾವತಿ. ಬೂದುಗುಂಬಳ ಒಳ್ಳೇ ತೂಕದ ಕಾಯಿ, ಅಲ್ವಾ?

ಪರಿಸರ ಎಂಜಿನಿಯರ್ ಆಗಿ ಹಲವು ಊರುಗಳ ಪುರಸಭೆ, ನಗರಸಭೆಗಳಲ್ಲಿ ಕೆಲಸ ಮಾಡಿದ್ದೇನೆ. ಎಲ್ಲಿ ಹೋದರೂ ಜನ ಕೇಳುತ್ತಿದ್ದುದು ಒಂದೇ ಪ್ರಶ್ನೆ. "ನಾವು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡ್ತೀವಿ. ಗಾಡಿಯವರು ಎರಡನ್ನೂ ಒಟ್ಟಿಗೆ ಸುರ್ಕೊಂಡು ಹೋಗ್ತಾರಲ್ಲ ಸಾರ್?" ಗಾಡಿಯವನನ್ನು ಬೈದು ಸುಖವಿಲ್ಲ. ಉತ್ತರ ಇರುವುದು ಟೆಂಡರ್ ಕಾಗದದಲ್ಲಿ, ಪಾವತಿಯ ಷರತ್ತು ಬರೆದಿರುವ ನಾಲ್ಕು ಸಾಲಿನಲ್ಲಿ. ಟೆಂಡರ್ ಅಂದರೆ ನೂರು ಪುಟ ಇರುತ್ತದೆ. ಬೂಟು, ಗ್ಲೌಸು, ಗಾಡಿಯ ಬಣ್ಣ, ಹಾಡು ಹಾಕುವ ಸ್ಪೀಕರ್ ಎಲ್ಲ ಅದರಲ್ಲಿ ಬರೆದಿರುತ್ತದೆ. ಆದರೆ ಕಸ ಏನಾಗುತ್ತದೆ ಎಂದು ತೀರ್ಮಾನ ಮಾಡುವುದು ಬಿಲ್ಲು ಯಾವುದರ ಮೇಲೆ ಆಗುತ್ತದೆ ಎನ್ನುವ ಆ ನಾಲ್ಕು ಸಾಲು.

ಟನ್ ಲೆಕ್ಕ ತಗೊಳ್ಳಿ. ನಮ್ಮ ಮನೆಗಳ ಕಸದಲ್ಲಿ ಅರ್ಧದಷ್ಟು ಹಸಿ ಕಸ. ಅದರಲ್ಲಿ ಹೆಚ್ಚಿನದು ನೀರೇ. ಒಣ ಪ್ಲಾಸ್ಟಿಕ್ಕು, ರಟ್ಟು ಜಾಗ ತುಂಬುತ್ತವೆ, ತೂಗುವುದಿಲ್ಲ. ಅದೇ ರಟ್ಟನ್ನು ಸಾರು-ಹುಳಿಯ ಜೊತೆ ಕಲಸಿದರೆ ನೀರು ಹೀರಿಕೊಂಡು ತೂಗುತ್ತದೆ. ಮಳೆಗಾಲದಲ್ಲಿ ಲಾರಿಗೆ ಟಾರ್ಪಾಲ್ ಮುಚ್ಚದೆ ಬಿಟ್ಟರೆ ಇನ್ನೂ ಲಾಭ. ಒಮ್ಮೆ ಜೂನ್ ತಿಂಗಳಲ್ಲಿ ಲಾರಿ ತೂಗುವ ವೇಬ್ರಿಜ್ ಹತ್ತಿರ ಬೆಳಗ್ಗೆಯಿಂದ ನಿಂತಿದ್ದೆ. ಒಂದು ಲಾರಿ ಬಂತು. ಮೇಲೆ ತೆಂಗಿನ ಚಿಪ್ಪು, ತರಕಾರಿ ಸಿಪ್ಪೆ. ಕೆಳಗೆ ಯಾರದೋ ಮನೆ ಒಡೆದ ಇಟ್ಟಿಗೆ, ಗಾರೆ. ಕಟ್ಟಡದ ಅವಶೇಷವನ್ನು ಬೇರೆಯೇ ಸಾಗಿಸಬೇಕು ಎಂದು 2016ರಲ್ಲೇ ನಿಯಮ ಬಂದಿದೆ. ನಿಯಮ ಫೈಲಿನಲ್ಲಿತ್ತು, ಇಟ್ಟಿಗೆ ಲಾರಿಯಲ್ಲಿತ್ತು.

ಸರಿ, ಟ್ರಿಪ್ ಲೆಕ್ಕ ಮಾಡೋಣ ಅಂದರೆ ಅರ್ಧ ತುಂಬಿದ ಲಾರಿಗಳು ಓಡಾಡುತ್ತವೆ. ಗಾಡಿಗೆ ದಿನಕ್ಕಿಷ್ಟು ಅಂದರೆ ಗಾಡಿ ಬರುತ್ತದೆ, ಸುಮ್ನೆ ಬೀದಿಯ ತುದಿಯಲ್ಲಿ ನಿಂತು ಹೋಗುತ್ತದೆ. ಯಾರೂ ಕೆಟ್ಟವರಲ್ಲ. ಯಾವುದಕ್ಕೆ ದುಡ್ಡೋ ಆ ಕೆಲಸ ಆಗುತ್ತದೆ.

ಇದರ ಬೆಲೆ ಎಷ್ಟು ಎಂದು ಬೆಂಗಳೂರು ಚೆನ್ನಾಗಿ ಕಂಡಿದೆ. ಕಲಸಿದ ಕಸ ವರ್ಷಗಟ್ಟಲೆ ನಗರದ ಹೊರಗಿನ ಹಳ್ಳಿಗಳಾದ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಯಿತು. 2012ರಲ್ಲಿ ಮಾವಳ್ಳಿಪುರ ನಿಂತಿತು, ನಗರದ ಬೀದಿಬೀದಿಯಲ್ಲಿ ಕಸದ ಗುಡ್ಡೆ ಬಿತ್ತು. ಮಂಡೂರಿನವರು ರಸ್ತೆಗಿಳಿದ ಮೇಲೆ 2014ರ ಕೊನೆಗೆ ಅಲ್ಲಿಗೂ ಲಾರಿ ಹೋಗುವುದು ನಿಂತಿತು. ಮಂಗಳೂರಿನದು ಇನ್ನೊಂದು ಕತೆ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಬೆಟ್ಟವೇ ಜಾರಿ ಪಕ್ಕದ ಮಂದಾರದ ತೋಟ, ಮನೆಗಳ ಮೇಲೆ ಬಂತು. ಅಡಿಕೆ, ತೆಂಗು ಕಸದಡಿ ಹೋದವು. ಟನ್ ಲೆಕ್ಕದ ಬಿಲ್ಲಿನಲ್ಲಿ ಇಂಥದ್ದಕ್ಕೆ ಕಾಲಂ ಇರುವುದಿಲ್ಲ.

ಈಗ ಗಾಡಿಯವನ ಕಡೆಯಿಂದಲೂ ಸ್ವಲ್ಪ ನೋಡೋಣ. ಬೆಂಗಳೂರಿನಲ್ಲಿ ಮನೆಮನೆಯ ಕಸ ಎತ್ತುವ ಚಿಕ್ಕ ಗಾಡಿ, ಅಂದರೆ ಒಂದು ಆಟೊ ಟಿಪ್ಪರ್‌ಗೆ 750 ಮನೆ ಎಂಬ ಲೆಕ್ಕ ಬಹಳ ದಿನದಿಂದ ಇದೆ. ಬೆಳಗ್ಗೆ ಆರೂವರೆಗೆ ಹೊರಟು ಹನ್ನೆರಡೂವರೆವರೆಗೆ ಕೆಲಸ ಅಂದುಕೊಳ್ಳಿ. ಆರು ಗಂಟೆ, ಅಂದರೆ 360 ನಿಮಿಷ. ಭಾಗಿಸಿದರೆ ಮನೆಗೆ 29 ಸೆಕೆಂಡ್ ಕೂಡ ಪೂರ್ತಿ ಸಿಗುವುದಿಲ್ಲ. ಅಷ್ಟರಲ್ಲಿ ಗಾಡಿ ಮುಂದೆ ಹೋಗಬೇಕು, ಎರಡು ಬಕೆಟ್ ಇಸಿದುಕೊಳ್ಳಬೇಕು, ಒಳಗೆ ಇಣುಕಿ ನೋಡಬೇಕು, ಬೇರೆ ಬೇರೆ ಸುರಿಯಬೇಕು, ಖಾಲಿ ಬಕೆಟ್ ವಾಪಸ್ ಕೊಡಬೇಕು. ಮೂರನೇ ಮಹಡಿಯಿಂದ "ಒಂದ್ನಿಮಿಷ ಇರಪ್ಪಾ" ಅನ್ನುವ ಅಜ್ಜಿಗೂ ಕಾಯಬೇಕು. ಅದೂ ಅಲ್ಲದೆ ಟಿಪ್ಪರ್ ನಡುವೆ ಒಮ್ಮೆ ತುಂಬುತ್ತದೆ. ಕಸ ಅದುಮಿ ಸಾಗಿಸುವ ದೊಡ್ಡ ಕಾಂಪ್ಯಾಕ್ಟರ್ ಲಾರಿ ಬರುವ ಜಾಗಕ್ಕೆ ಹೋಗಿ ಸುರಿದು ಬರಬೇಕು. ಅಲ್ಲಿ ಸಾಲು ನಿಂತರೆ ಮುಕ್ಕಾಲು ಗಂಟೆ ಹೋಯಿತು. ಕಸ ಬೇರೆ ಮಾಡಿಸುವುದು ಜಾಗೃತಿ ಮೂಡಿಸುವ ಕೆಲಸ ಎಂದು ಭಾಷಣದಲ್ಲಿ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಮೊದಲು ಸಮಯದ ಲೆಕ್ಕ. ಟಿಪ್ಪರ್‌ಗೆ 500 ಮನೆ ಮಾಡಿ, ಅರ್ಧ ಜಗಳ ಮುಗಿಯುತ್ತದೆ. ಖರ್ಚು ಜಾಸ್ತಿಯಾಗುತ್ತದೆ ಎಂಬುದೂ ನಿಜ. ಆದರೆ ಆ ಖರ್ಚನ್ನು ಈಗ ಬೇರೆ ಕಡೆ ಕೊಡುತ್ತಿದ್ದೇವೆ, ಕಸ ಗುಡ್ಡೆ ಹಾಕುವ ಊರಿನಲ್ಲಿ.

ಬೀದಿ ಗುಡಿಸುವುದನ್ನು ಗುತ್ತಿಗೆಗೆ ಕೊಡುತ್ತಿದ್ದಾಗಿನ ರೋಗ ಬೇರೆ. ಅಲ್ಲಿ ತೂಕವಿರಲಿಲ್ಲ, ತಲೆ ಲೆಕ್ಕ. 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬುದು ಸರ್ಕಾರದ ಅಳತೆ. ಗುತ್ತಿಗೆದಾರ ಇಷ್ಟು ಜನ ಕೊಟ್ಟೆ ಎಂದು ಬಿಲ್ ಹಾಕುತ್ತಿದ್ದ. ಬೆಳಗ್ಗೆ ಹಾಜರಿ ಹಾಕುವ ಮಸ್ಟರಿಂಗ್ ಜಾಗದಲ್ಲಿ ನಿಂತು ಎಣಿಸಿದರೆ ತಲೆ ಕಮ್ಮಿ ಇರುತ್ತಿದ್ದವು. ಉಳಿದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಗುಡಿಸುತ್ತಿದ್ದವು. ಇರುವವರು ಇಲ್ಲದವರ ರಸ್ತೆಯನ್ನೂ ಗುಡಿಸುತ್ತಿದ್ದರು. ಪಿಎಫ್, ಇಎಸ್‌ಐ ಎಂದು ಸಂಬಳದಲ್ಲಿ ಹಿಡಿದ ದುಡ್ಡು ಕಟ್ಟಿದ್ದಾರೋ ಇಲ್ಲವೋ ಎಂದು ಅವರಿಗೆ ಗೊತ್ತೂ ಇರುತ್ತಿರಲಿಲ್ಲ. ಬೆಂಗಳೂರಿನಲ್ಲಿ ನಡುವಿನವರನ್ನು ತೆಗೆದು ನೇರ ಪಾವತಿ ತಂದಾಗ, ಬಯೊಮೆಟ್ರಿಕ್ ಹಾಜರಿ ಬಂದಾಗ, ಈ ಪುಸ್ತಕದ ಹೆಸರುಗಳಿಗೆ ಬೆರಳು ಒತ್ತಲು ಆಗಲಿಲ್ಲ. ಆಮೇಲೆ ಕೆಲಸ ಕಾಯಂ ಮಾಡಿ ಎಂದು ಹೋರಾಟ, 2022ರ ಮುಷ್ಕರ. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಅದು ಗುಡಿಸುವವರ ಪಟ್ಟಿ. ಆ 29 ಸೆಕೆಂಡಿನ ಟಿಪ್ಪರ್ ಚಾಲಕ ಅದರಲ್ಲಿ ಇರಲಿಲ್ಲ.

ಯಂತ್ರದಿಂದ ಗುಡಿಸುವುದಕ್ಕೆ ಕಿಲೋಮೀಟರ್ ಲೆಕ್ಕ. ಅಂಚು ಕಟ್ಟಿದ, ಗುಂಡಿಯಿಲ್ಲದ, ಗಾಡಿ ನಿಲ್ಲಿಸದ ರಸ್ತೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅಂಥ ರಸ್ತೆ ನಿಮ್ಮ ವಾರ್ಡಿನಲ್ಲಿದ್ದರೆ ನೀವು ಪುಣ್ಯವಂತರು.

ಒಣ ಕಸದ ವಿಷಯದಲ್ಲಿ ಬೆಂಗಳೂರು ಒಂದು ಒಳ್ಳೆ ಕೆಲಸ ಮಾಡಿದೆ. ಹಲವು ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳನ್ನು ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. ಯಾವ ಪ್ಲಾಸ್ಟಿಕ್ ಎಲ್ಲಿ ಮಾರಾಟವಾಗುತ್ತದೆ ಎಂದು ನಮಗಿಂತ ಅವರಿಗೆ ಗೊತ್ತು. ತೊಂದರೆ ಇರುವುದು ಬಿಸ್ಕತ್ತು, ಚಿಪ್ಸಿನ ಕವರಿನಲ್ಲಿ. ಅದನ್ನು ಗುಜರಿಯವರು ಕೊಳ್ಳುವುದಿಲ್ಲ. ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸಬಹುದು, ಸಾಗಣೆ ಖರ್ಚು ಯಾರದ್ದು ಎಂದು ಮೊದಲೇ ಬರೆದಿರಬೇಕು. ಬರೆಯದಿದ್ದರೆ ಆ ಕವರುಗಳು ರಾತ್ರೋರಾತ್ರಿ ರಾಜಕಾಲುವೆ ಸೇರುತ್ತವೆ, ಇಲ್ಲವೇ ಖಾಲಿ ಸೈಟಿನಲ್ಲಿ ಹೊಗೆಯಾಗುತ್ತವೆ.

ಟನ್ ಲೆಕ್ಕದ ಆ ಊರಿಗೆ ವಾಪಸ್ ಬರುತ್ತೇನೆ. ಹೊಸ ಟೆಂಡರ್ ಬಂದಾಗ ನಾವು ಪಾವತಿ ಸಾಲನ್ನು ಬದಲಿಸಿದೆವು. ಒಟ್ಟು ತೂಕಕ್ಕೆ ದುಡ್ಡಿಲ್ಲ. ಗೊಬ್ಬರದ ಘಟಕದ ಗೇಟಿನಲ್ಲಿ ಶುದ್ಧ ಹಸಿ ಕಸ ಎಂದು ಒಪ್ಪಿಕೊಂಡಿದ್ದಕ್ಕೆ ಒಂದು ದರ, ಒಣ ಕಸದ ಕೇಂದ್ರ ಒಪ್ಪಿಕೊಂಡಿದ್ದಕ್ಕೆ ಅದಕ್ಕಿಂತ ಜಾಸ್ತಿ ದರ, ಕಲಸಿದ ಕಸಕ್ಕೆ ದಂಡ. ಅವಧಿಯನ್ನೂ ಒಂದು ವರ್ಷದಿಂದ ಐದಕ್ಕೆ ಏರಿಸಲು ಕೇಳಿದೆವು. ಒಂದು ವರ್ಷದ ಗುತ್ತಿಗೆ ನಂಬಿ ಯಾರು ಸಾಲ ಮಾಡಿ ಹೊಸ ಗಾಡಿ ತರುತ್ತಾರೆ? ಅದು ಸಿಗಲಿಲ್ಲ, ಎರಡು ವರ್ಷ ಸಿಕ್ಕಿತು. ಮೊದಲ ತಿಂಗಳು ಬಿಲ್ಲಿನ ಮೇಲೆ ದೊಡ್ಡ ಜಗಳ. ಮೂರನೇ ತಿಂಗಳಿಗೆ ಗುತ್ತಿಗೆದಾರರ ಸೂಪರ್‌ವೈಸರೇ ಮನೆಮನೆಗೆ ಹೋಗಿ, "ಅಮ್ಮಾ, ಹಸಿ ಕಸಕ್ಕೆ ಪ್ಲಾಸ್ಟಿಕ್ ಹಾಕಬೇಡಿ, ನಮಗೆ ದುಡ್ಡು ಕಟ್ ಆಗುತ್ತೆ" ಎಂದು ಹೇಳತೊಡಗಿದ. ನಮ್ಮ ಕರಪತ್ರಕ್ಕಿಂತ ಅವನ ಮಾತು ನಾಟಿತು.

ಎರಡು ವರ್ಷ ಮುಗಿಯಿತು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಮುಂದಿನ ಟೆಂಡರ್ ಹೇಗಿದೆ ನೋಡೋಣ ಎಂದು ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ತೆರೆದೆ. ಯಾರೋ ಅವಸರದಲ್ಲಿ ಹಳೇ ಕಡತದಿಂದಲೇ ನಕಲು ಮಾಡಿದ್ದರು. ಪಾವತಿ: ಪ್ರತಿ ಟನ್‌ಗೆ.